ಈ ರಜೆಗೆ ಒಂದು ಕೌದಿ

ಸೆಮಿಸ್ಟರ್ ಪರೀಕ್ಷೆ ಮುಗಿದ ಸಂಜೆ ಹಾಸ್ಟೆಲ್ ತುಂಬಾ ಒಂದೇ ಪ್ರಶ್ನೆ: "ರಜೆಯಲ್ಲಿ ಏನ್ ಮಾಡ್ತೀಯಾ?" ಇಂಟರ್ನ್‌ಶಿಪ್, ಪೈಥಾನ್ ಕೋರ್ಸು, ಗೇಟ್ ಕೋಚಿಂಗ್, ಹೀಗೆ ಉತ್ತರಗಳೂ ರೆಡಿ. "ಏನಿಲ್ಲ, ಸುಮ್ನೆ ಮನೇಲಿರ್ತೀನಿ" ಅಂದವರನ್ನು ಮಾತ್ರ ನಾವು ಅಯ್ಯೋ ಪಾಪ ಅನ್ನೋ ಹಾಗೆ ನೋಡ್ತೀವಿ. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ವೈವಾ ಎಲ್ಲ ಮುಗಿಸಿ ಬಂದ ದೇಹಕ್ಕೆ ವಿಶ್ರಾಂತಿ ಬೇಕು ಅನ್ನೋದೂ ಈಗ ನಾಚಿಕೆಯ ವಿಷಯವಾಗಿಬಿಟ್ಟಿದೆ.

ಹಾಗಂತ ಹಾಸಿಗೆಯಲ್ಲಿ ಬಿದ್ದುಕೊಂಡು ರೀಲ್ಸ್ ನೋಡೋದೂ ವಿಶ್ರಾಂತಿ ಅಲ್ಲ. ಕಣ್ಣು ಸೋಲುತ್ತೆ, ತಲೆ ಇನ್ನಷ್ಟು ಭಾರವಾಗುತ್ತೆ. ಕೈಗೆ ಕೆಲಸವಿದ್ದು ತಲೆಗೆ ಬಿಡುವಿರೋದೇ ನಿಜವಾದ ವಿಶ್ರಾಂತಿ. ಅಂಥ ಕೆಲಸ ನಮ್ಮ ಬೀರುವಿನಲ್ಲೇ ಕಾದು ಕೂತಿದೆ.

ಬೀರು ತೆಗೆದು ನೋಡಿ. ಫೆಸ್ಟ್ ಟೀ ಶರ್ಟು, ಹ್ಯಾಕಥಾನ್ ಟೀ ಶರ್ಟು, ಬ್ರಾಂಚ್ ಟೀ ಶರ್ಟು, ಒಂದೇ ಸಲ ಹಾಕಿದ ವಾಲಂಟಿಯರ್ ಟೀ ಶರ್ಟು! ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಖರ್ಚಾಗುತ್ತೆ ಅನ್ನೋ ಅಂದಾಜಿದೆ. ಜಪಾನಿನ ಮಾರೀ ಕೊಂಡೋ ಅವರಿಂದ ಜಗತ್ತಿಗೆಲ್ಲ ಹಬ್ಬಿದ ಪಾಠ ಏನು? ಖುಷಿ ಕೊಡುವ ವಸ್ತು ಇಟ್ಟುಕೊಳ್ಳಿ, ಉಳಿದದ್ದಕ್ಕೆ ಥ್ಯಾಂಕ್ಸ್ ಹೇಳಿ ಕಳಿಸಿಬಿಡಿ. ಒಳ್ಳೇದೇ. ಆದರೆ ಕಳಿಸೋದು ಎಲ್ಲಿಗೆ? ಮನೆಯಿಂದ ಹೊರಗೆ ಹೋದದ್ದು ಭೂಮಿಯಿಂದ ಹೊರಗೆ ಹೋಗೋದಿಲ್ಲ. ಪಾಲಿಯೆಸ್ಟರ್ ಜೆರ್ಸಿಯಂತೂ ಮಣ್ಣಲ್ಲಿ ಹತ್ತಿಯಂತೆ ಕೊಳೆಯೋದೂ ಇಲ್ಲ.

ಈ ಪ್ರಶ್ನೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಉತ್ತರವೊಂದಿದೆ: ಕೌದಿ. ಹಳೇ ಸೀರೆ, ಧೋತರ, ಅಂಗಿ, ಲಂಗ ಯಾವುದನ್ನೂ ಎಸೆಯದೆ, ಗಟ್ಟಿ ಉಳಿದ ಭಾಗವನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿಯೋದು. ನಮ್ಮ ಕಣ್ಣಿಗೆ ಇದು ಅಚ್ಚುಕಟ್ಟಾದ ಡಿಸೈನು. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಇನ್ಸುಲೇಟರ್. ಹೊಲಿಗೆಯ ಸಾಲುಗಳು ಪದರ ಜಾರದಂತೆ ಹಿಡಿದಿಡುತ್ತವೆ. ಒಂದು ತುಂಡು ಹರಿದರೆ ಅದರ ಮೇಲೆ ಇನ್ನೊಂದು ತೇಪೆ ಹಾಕಿದರಾಯ್ತು, ಇಡೀ ಕೌದಿ ಎಸೆಯಬೇಕಿಲ್ಲ. ರಿಪೇರಿ ಮಾಡಲು ಬರುವ ವಸ್ತು ಅಂದ್ರೆ ಇದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಬೇಕು. ಅವರು ಅಂಚಿನಿಂದ ಶುರುಮಾಡಿ ಸುತ್ತ ಹೊಲಿಯುತ್ತಾ ಮಧ್ಯಕ್ಕೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವಿನಂತೆ 'ಫುಲಾ' ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನೋದು ಅವರ ಮಾತು. ಚಿಂದಿಯಲ್ಲೇ ಇಷ್ಟು ಚೆಲುವು!

"ಆನ್‌ಲೈನಲ್ಲಿ ಬ್ಲಾಂಕೆಟ್ ನಾಳೆಯೇ ಬರುತ್ತೆ, ವಾರಗಟ್ಟಲೆ ಕೂತು ಹೊಲಿಯೋದು ಯಾಕೆ ಗುರು?" ಅಂತ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ನಮ್ಮ ಅಜ್ಜಿಯರು ಕೌದಿ ಹೊಲಿದದ್ದು ಹವ್ಯಾಸಕ್ಕಲ್ಲ. ಬಹಳ ಮನೆಗಳಲ್ಲಿ ಬೇರೆ ಹೊದಿಕೆ ಕೊಳ್ಳೋ ಶಕ್ತಿ ಇರಲಿಲ್ಲ. ಆ ಬಡತನವನ್ನು ಹಾಡಿ ಹೊಗಳೋದು ಬೇಡ. ಹೊಲಿಗೆ ಅಂದ್ರೆ ಹೆಣ್ಣುಮಕ್ಕಳ ಕೆಲಸ ಅನ್ನೋ ರೂಢಿಯನ್ನೂ ಮುಂದುವರಿಸೋದು ಬೇಡ. ಸೋಲ್ಡರಿಂಗ್ ಐರನ್ ಹಿಡಿಯೋ ಹುಡುಗರ ಕೈಗೆ ಸೂಜಿ ಏನೂ ಭಾರವಲ್ಲ. ಆದರೆ ಆ ಬಡತನ ಕಲಿಸಿದ ವಿದ್ಯೆಯನ್ನು ಬಡತನದ ಜೊತೆಗೇ ಕಳೆದುಕೊಂಡರೆ ನಷ್ಟ ನಮಗೇ. ಅದು ಯಾವ ಸಿಲಬಸ್ಸಿನಲ್ಲೂ ಇಲ್ಲ, ಅಜ್ಜಿಯ ಬೆರಳಲ್ಲಿದೆ. ಅಜ್ಜಿಗೆ ದಾರ ಪೋಣಿಸೋಕೆ ಕಣ್ಣು ಕಾಣ್ತಿಲ್ಲ, ನಮಗೆ ಹೊಲಿಯೋಕೆ ಬರಲ್ಲ. ಇಬ್ಬರೂ ಜೊತೆಗೆ ಕೂತರೆ ಕೆಲಸ ಆಗುತ್ತೆ. ಹೊಲಿಯುತ್ತಾ ಕೂತಾಗ ಬರುವ ಮಾತು ಫೋನ್ ಹಿಡಿದು ಕೂತಾಗ ಬರೋದಿಲ್ಲ. "ಇದು ನಿಮ್ಮಪ್ಪನ ಸ್ಕೂಲ್ ಅಂಗಿ, ಇದು ನಿನ್ನ ತೊಟ್ಟಿಲಿಗೆ ಕಟ್ಟಿದ ಸೀರೆ" ಅಂತ ಒಂದೊಂದು ತುಂಡಿಗೂ ಒಂದೊಂದು ಕತೆ ಇರುತ್ತೆ.

ಶುರುಮಾಡೋರಿಗೆ ಒಂದು ಮಾತು. ಟೀ ಶರ್ಟಿನ ಬಟ್ಟೆ ಹೆಣೆದದ್ದು, ಎಳೆದರೆ ಹಿಗ್ಗುತ್ತೆ. ಹಾಗಾಗಿ ಕೆಳಗೆ ಹಳೇ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹಾಸಿ ಹೊಲಿಯಿರಿ. ಮೊದಲ ರಜೆಗೆ ತೊಟ್ಟಿಲ ಕೂಸಿಗಾಗುವಷ್ಟು ಚಿಕ್ಕದು ಸಾಕು. ಪೂರ್ತಿ ಆಗಲಿಲ್ಲವಾ, ಪರವಾಗಿಲ್ಲ, ಕೌದಿಗೆ ಸಬ್ಮಿಷನ್ ಡೇಟ್ ಇಲ್ಲ. ಹೊಲಿಸೋದಾದ್ರೆ, ಹೊಲಿಯುವವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಕೊನೆಗೆ ನಮ್ಮ ಕ್ಯಾಂಪಸ್ಸಿನ ಕ್ಲಬ್ಬುಗಳಿಗೆಲ್ಲ, ನಮ್ಮ ಕನ್ನಡ ಸಂಘವನ್ನೂ ಸೇರಿಸಿ, ಒಂದು ಒತ್ತಾಯ: ಪ್ರತಿ ಕಾರ್ಯಕ್ರಮಕ್ಕೂ ಹೊಸ ಟೀ ಶರ್ಟ್ ಮಾಡಿಸೋದು ನಿಲ್ಲಿಸೋಣ. ಇರುವ ರಾಶಿಯನ್ನು ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಒಂದು ದೊಡ್ಡ ಕೌದಿ ಮಾಡಿ ವೇದಿಕೆಯ ಹಿಂದೆ ಕಟ್ಟೋಣ. ಆ ವರ್ಷಕ್ಕೆ ಫ್ಲೆಕ್ಸ್ ಖರ್ಚೂ ಉಳಿಯುತ್ತೆ.