ಹಡಗಿನ ವಿಹಾರವೂ ಜೇಬಿನ ಹಣವೂ

ಕಳೆದ ರಜೆಯಲ್ಲಿ, ಸಿಂಗಪುರದಲ್ಲಿರುವ ಅಕ್ಕನ ಕೃಪೆಯಿಂದ, ಅಪ್ಪ ಅಮ್ಮನೊಡನೆ ಪೆನಾಂಗಿಗೆ ಹಡಗಿನ ವಿಹಾರ ಮಾಡಿಬಂದೆ. ಹೊರಡುವ ಮುನ್ನ ದೊಡ್ಡ ಚರ್ಚೆ. ನೋಟಿನ ಕಟ್ಟು ಸೊಂಟದಲ್ಲಿರಬೇಕೆಂದು ಅಪ್ಪ. ಕಾರ್ಡೊಂದಿದ್ದರೆ ಸಾಕೆಂದು ಅಕ್ಕ. ರೂಪಾಯಿ ನೋಟನ್ನಂತೂ ತಲೆಗೆ 25,000ಕ್ಕೆ ಮೀರಿ ಒಯ್ಯಲು ಕಾನೂನೇ ಬಿಡದು. ಅಪ್ಪ ಡಾಲರು ಕೊಂಡರು. ಇಬ್ಬರದೂ ಅರ್ಧ ಸರಿ ಎಂಬುದು ನನ್ನ ಮತ.

ಜಾರ್ಜ್ ಟೌನಿನಲ್ಲಿ ಸೈಕಲ್ ರಿಕ್ಷಾ ತುಳಿಯುವ ಮುದುಕನಿಗೆ ಕಾರ್ಡೂ ಬೇಡ, ನೂರು ಡಾಲರಿನ ನೋಟೂ ಬೇಡ. ರಿಂಗಿಟ್ ಚಿಲ್ಲರೆ ಬೇಕು. ನಮ್ಮಲ್ಲಿರಲಿಲ್ಲ. ಅಮ್ಮ ಮಂಡಿನೋವಿನಲ್ಲೇ ಬಂದರಿನವರೆಗೆ ನಡೆದಳು. ದಡಕ್ಕೆ ಇಳಿಯುವವರು ಆ ನಾಡಿನ ಸಣ್ಣ ನೋಟುಗಳನ್ನು ಮೊದಲೇ ಬದಲಿಸಿಕೊಂಡಿರಬೇಕು.

ಹಡಗಿನೊಳಗಿನ ಮಾತೇ ಬೇರೆ. ಅಲ್ಲಿ ಕೋಣೆಯ ಬೀಗ ತೆರೆಯುವ ಕಾರ್ಡೇ ಹಣದ ಚೀಲ. ಪಾನೀಯ, ಛಾಯಾಚಿತ್ರ, ಇಂಟರ್ನೆಟ್ಟು ಎಲ್ಲವೂ ಸದ್ದಿಲ್ಲದೆ ಲೆಕ್ಕಕ್ಕೆ ಸೇರುತ್ತವೆ. ಸೇವಕರ ಭಕ್ಷೀಸು ಸಹ ದಿನಕ್ಕೆ ತಲೆಗಿಷ್ಟೆಂದು ತಾನಾಗಿ ಬೀಳುತ್ತದೆ. ನೋಟು ಕೈಬಿಡುವುದು ಕಣ್ಣಿಗೆ ಕಾಣದಿದ್ದರೆ ಖರ್ಚು ಮನಸ್ಸಿಗೆ ನಾಟುವುದಿಲ್ಲ. ಇಷ್ಟೇ ಎಂದು ಮೊದಲೇ ಮಿತಿ ಗೊತ್ತುಮಾಡಿಕೊಂಡು, ಪ್ರತಿ ಸಂಜೆ ಲೆಕ್ಕ ಕೇಳಿ ನೋಡಬೇಕಿತ್ತು; ನಾನು ನೋಡಲಿಲ್ಲ. ಕೊನೆಯ ರಾತ್ರಿ ಬಿಲ್ಲು ಬಂದಾಗ ಅಕ್ಕ ಏನೂ ಅನ್ನಲಿಲ್ಲ. ನಿವೃತ್ತರಾದ ಅಪ್ಪ ಅಂದು ಊಟ ಮಾಡಲಿಲ್ಲ. ಬಿಲ್ಲಿನ ದೊಡ್ಡ ಪಾಲು ನನ್ನ ಛಾಯಾಚಿತ್ರಗಳದೇ. ಆ ಹಣವನ್ನು ಅಕ್ಕನಿಗೆ ಇನ್ನೂ ತೀರಿಸಿಲ್ಲ.