ಗುಳಿಗೆಯ ಉಸಾಬರಿ

ಮೊನ್ನೆ ಗಾಂಧಿ ಚೌಕದಲ್ಲಿ ಹಳೆಯ ಗೆಳತಿಯೊಬ್ಬಳು ಸಿಕ್ಕಳು. ಕೈಯಲ್ಲಿ ಕಾಯಿಪಲ್ಲೆಯ ಚೀಲ, ನೆತ್ತಿಯ ಮೇಲೆ ಬಿಸಿಲು. ಕ್ಷೇಮ ಸಮಾಚಾರ ಇನ್ನೂ ಮುಗಿದಿರಲಿಲ್ಲ, ನನ್ನನ್ನು ಅಂಗಡಿಯ ಕಟ್ಟೆಯ ಮಗ್ಗುಲಿಗೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದಳು: “ಇನ್ನೂ ಆ ಹಾರ್ಮೋನ್ ಗುಳಿಗಿ ನುಂಗಾಕತ್ತೀಯೇನ? ಬಿಡವಾ ಸಾಕು. ಕ್ಯಾನ್ಸರ್ ಆಗತೈತಂತ. ಮುಟ್ಟು ನಿಂತದ್ದು ಒಂದು ಪೀಡಾ ಹೋತು ಅಂತ ತಿಳಿ.”

ಹಾಗೆ ಹೇಳಿದವಳು ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡಿನ ಗುಳಿಗೆ ತೆಗೆದುಕೊಳ್ಳುತ್ತಾಳೆ. ಅದೂ ಹಾರ್ಮೋನೇ. ಅವಳ ಕೊರಳಿನ ಗ್ರಂಥಿ ತನ್ನ ಕೆಲಸ ಬಿಟ್ಟಿದೆ, ಆ ಕೊರತೆಯನ್ನು ಗುಳಿಗೆ ತುಂಬುತ್ತದೆ. ನನ್ನ ಅಂಡಾಶಯ ತನ್ನ ಕೆಲಸ ಬಿಟ್ಟಿದೆ, ಆ ಕೊರತೆಯನ್ನು ನನ್ನ ಗುಳಿಗೆ ತುಂಬುತ್ತದೆ. ಅವಳದು ಔಷಧ, ನನ್ನದು ಚಟ! ಇದು ಯಾವ ಲೆಕ್ಕವೋ, ಇಪ್ಪತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ನನಗೆ ತಿಳಿಯದು. ಅಲ್ಲಿ ನಿಂತು ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಗಟ್ಟಿಯಾಗಿಯೇ ಹೇಳುತ್ತೇನೆ, ದನಿ ತಗ್ಗಿಸಿ ತಗ್ಗಿಸಿ ನನಗೆ ಸಾಕಾಗಿದೆ.

ನನ್ನ ತವರು ಬಬಲೇಶ್ವರ, ಕೊಟ್ಟದ್ದು ತಿಕೋಟಾಕ್ಕೆ, ನೌಕರಿಯ ಸಲುವಾಗಿ ಇರುವುದು ವಿಜಯಪುರದಲ್ಲಿ. ಬಿಜಾಪುರದ ಹೆಸರು ವಿಜಯಪುರವಾದ 2014ರಲ್ಲಿ ನನಗೆ 37 ವರ್ಷ. ಮಗಳು ನಾಲ್ಕನೆಯ ಇಯತ್ತೆಯಲ್ಲಿದ್ದಳು. ಆ ವರ್ಷ ನನ್ನ ಮುಟ್ಟು ಹಿಂದುಮುಂದಾಗಿ, ಎರಡು ತಿಂಗಳಿಗೊಮ್ಮೆಯಾಗಿ, ಆಮೇಲೆ ನಿಂತೇಹೋಯಿತು. ಡಿಸೆಂಬರ್ ಚಳಿಯಲ್ಲಿ ಮಕ್ಕಳೆಲ್ಲ ಸ್ವೆಟರ್ ಹಾಕಿ ಕುಳಿತಿದ್ದರೆ ನಾನು ಫಳಾದ ಮುಂದೆ ನಿಂತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದೆ. ರಾತ್ರಿ ಎರಡಕ್ಕೆ ಎಚ್ಚರ. ಯಾರಾದರೂ ಒಂದು ಮಾತು ಜೋರಾಗಿ ಆಡಿದರೆ ಕಣ್ಣಲ್ಲಿ ನೀರು.

ತಿಕೋಟಾದ ಮನೆಯಲ್ಲಿ ಹೊರಗಾದವರು ದೇವರ ಮನೆಯ ಕಡೆ ಹೋಗುವುದಿಲ್ಲ. ಅತ್ತೆಗೆ ಮೊಮ್ಮಗ ಬೇಕಾಗಿದ್ದ. ನಾನು ತಿಂಗಳಿಗೊಮ್ಮೆಯಾದರೂ ಹೊರಗಾಗದಿದ್ದರೆ ಅವರಿಗೆ ಗೊತ್ತಾಗುತ್ತಿತ್ತು, ಆದ್ದರಿಂದ ರಜೆಯಲ್ಲಿ ಹೋದಾಗಲೆಲ್ಲ ಹೊರಗಾದಂತೆ ನಟಿಸಿದೆ. ಇಲ್ಲದ ಮುಟ್ಟಿಗೆ ಮೂರು ದಿನ ಮೂಲೆ ಹಿಡಿದೆ, ಇಲ್ಲದ ಬಟ್ಟೆ ಒಗೆದೆ. ಎಂಟು ತಿಂಗಳು ಹೀಗೆ ನಡೆಯಿತು. ಬಬಲೇಶ್ವರಕ್ಕೆ ಹೋಗಿ ಅವ್ವನ ಮುಂದೆ ಅತ್ತರೆ ಅವಳು ಬಾಗಿಲು ಹಾಕಿ ಅಂದದ್ದು ಒಂದೇ ಮಾತು: “ಯಾರ ಮುಂದೂ ಅನಬ್ಯಾಡ. ಗಂಡನ ಮುಂದೂ ಅನಬ್ಯಾಡ.” ಅವ್ವನನ್ನು ನಾನು ದೂರುವುದಿಲ್ಲ. ಮುಟ್ಟಿನ ಮಾತನ್ನೇ ಮುಚ್ಚಿಡಬೇಕಾದ ಲೋಕದಲ್ಲಿ ಬಾಳಿದವಳು, ಅದು ನಿಂತ ಮಾತನ್ನು ಹೇಗೆ ತೆರೆದಾಳು?

ಗಂಡನಿಗೆ ಕೊನೆಗೆ ನಾನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಡಾಕ್ಟರ ಕಡೆ ಯಾಕ ಹೋಗಿಲ್ಲ?” ಎಂದರು. ಅಷ್ಟೇ. ಎಂಟು ತಿಂಗಳು ನಾನು ಹೆದರಿದ್ದು ಈ ಒಂದು ಪ್ರಶ್ನೆಗೆ.

ಡಾಕ್ಟರು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಎಫ್‌ಎಸ್‌ಎಚ್ ಎಂಬ ರಕ್ತ ಪರೀಕ್ಷೆ ಮಾಡಿಸಿದರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕಳಿಸುವ ಹುಕುಂ ಅದು. ಅಂಡಾಶಯ ಓಗೊಡದಿದ್ದರೆ ಹುಕುಂ ಮೇಲೆ ಹುಕುಂ ಬರುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ನನ್ನದು ಎರಡೂ ಸಲ ಏರಿತ್ತು. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ, ಪಶ್ಚಿಮದವರಿಗೆ 51ಕ್ಕೆ. 40ರ ಒಳಗೇ ನಿಲ್ಲುವವರು ನೂರಕ್ಕೆ ಒಬ್ಬರಾದರೂ ಇದ್ದಾರೆ, ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ. ನನಗೂ ಸಿಗಲಿಲ್ಲ. ಯಾರ ಶಾಪವೂ ಅಲ್ಲ, ಯಾವ ದೇವರ ಕಾಟವೂ ಅಲ್ಲ.

ಇನ್ನು ಗುಳಿಗೆ. ಇದರಲ್ಲಿ ಎರಡು ಹಾರ್ಮೋನು. ಈಸ್ಟ್ರೋಜನ್ ಎಲುಬಿಗೆ, ಹೃದಯದ ರಕ್ತನಾಳಕ್ಕೆ, ನಿದ್ದೆಗೆ, ಒಳಗಿನ ನಾಜೂಕು ಚರ್ಮಕ್ಕೆ ಬೇಕಾದದ್ದು. ಆದರೆ ಅದೊಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ನೀರು ಬಿಟ್ಟ ಹೊಲದ ಹುಲ್ಲಿನಂತೆ ಬೆಳೆಯುತ್ತದೆ, ಅಲ್ಲಿ ಕ್ಯಾನ್ಸರ್ ಹುಟ್ಟಬಹುದು; ಇದು 1975ರಲ್ಲಿಯೇ ಅಮೆರಿಕದಲ್ಲಿ ಗೊತ್ತಾಯಿತು. ಅದಕ್ಕೇ ಪ್ರೊಜೆಸ್ಟರಾನ್ ಜಾತಿಯ ಎರಡನೆಯ ಹಾರ್ಮೋನು. ಅದು ಕಳೆ ತೆಗೆಯುವವಳಿದ್ದಂತೆ. ಇದನ್ನು ತಿಂಗಳಲ್ಲಿ ಕೆಲವು ದಿನ ಮಾತ್ರ ಕೊಟ್ಟು ನಿಲ್ಲಿಸಿದರೆ ಮುಟ್ಟಿನಂತೆ ರಕ್ತ ಹೋಗುತ್ತದೆ. ಎರಡನ್ನೂ ಬಿಡದೆ ದಿನಾ ಕೊಟ್ಟರೆ ಪದರ ತೆಳ್ಳಗೇ ಉಳಿಯುತ್ತದೆ, ರಕ್ತ ಹೋಗುವುದಿಲ್ಲ. ಗರ್ಭಕೋಶವನ್ನೇ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಮೊದಲಿನದೊಂದೇ ಸಾಕು.

ನನಗೆ ಮೊದಲ ಎರಡು ವರ್ಷ ರಕ್ತ ಹೋಗುವ ಬಗೆ, ಆಮೇಲೆ ಬಿಡದೆ ತೆಗೆದುಕೊಳ್ಳುವ ಬಗೆ. ನಾಟಕ ಶುರುವಾದದ್ದೇ ಇಲ್ಲಿ. ಮೊದಲ ಎರಡು ವರ್ಷ ಅತ್ತೆಗೆ ಸಮಾಧಾನ, “ಗುಳಿಗಿ ಚಲೋ ಕೂಡಿ ಬಂತು” ಎಂದರು. ಯಾವಾಗ ರಕ್ತ ನಿಂತಿತೋ, “ಮುಟ್ಟೇ ಬರೂದಿಲ್ಲಂದ್ರ ಆ ಗುಳಿಗಿ ಯಾಕ ಬೇಕು? ರೊಕ್ಕ ಹೆಚ್ಚಾಗ್ಯಾವೇನು?” ಎಂದರು. ಅತ್ತೆ ಒಬ್ಬರೇ ಅಲ್ಲ. ನಮ್ಮ ಸ್ಟಾಫ್ ರೂಮಿನ ಬಿ.ಎಡ್. ಮಾಡಿದವರ ಪ್ರಶ್ನೆಯೂ ಅದೇ, ಭಾಷೆ ಮಾತ್ರ ಬೇರೆ. ನಮ್ಮ ಜನರ ಲೆಕ್ಕದಲ್ಲಿ ಹೆಂಗಸಿನ ದೇಹ ಎಂದರೆ ಬಸಿರು, ಬಾಣಂತನ, ಮುಟ್ಟು. ಅವು ಮುಗಿದ ಮೇಲೆ ಉಳಿಯುವ ಎಲುಬು, ಹೃದಯ, ನಿದ್ದೆ ಯಾರ ಖಾತೆಗೂ ಸೇರುವುದಿಲ್ಲ. ನನ್ನ ಗುಳಿಗೆ ಮುಟ್ಟು ತರುವುದಕ್ಕಲ್ಲ, ಮಕ್ಕಳಾಗುವುದಕ್ಕಲ್ಲ, ಹರೆಯ ಉಳಿಸಿಕೊಳ್ಳುವುದಕ್ಕೂ ಅಲ್ಲ. 50ರವರೆಗೆ ನನ್ನ ಮೈಗೆ ಸಿಗಬೇಕಾಗಿದ್ದದ್ದು 37ಕ್ಕೇ ನಿಂತಿತು, ಆ ಬಾಕಿ ಸಲ್ಲಿಸುವುದಕ್ಕೆ.

ಕ್ಯಾನ್ಸರಿನ ಮಾತು ಗಾಳಿಯಿಂದ ಬಂದದ್ದಲ್ಲ, ಅದಕ್ಕೊಂದು ಮೂಲವಿದೆ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರ ಎರಡು ಹಾರ್ಮೋನುಗಳ ಭಾಗವನ್ನು 2002ರ ಜುಲೈಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಗುಳಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ 38 ಜನರಿಗೆ ಸ್ತನದ ಕ್ಯಾನ್ಸರ್, ತೆಗೆದುಕೊಳ್ಳದವರಲ್ಲಿ 30. ಎಂಟು ಜನ ಹೆಚ್ಚು. ಸಣ್ಣ ಮಾತೇನಲ್ಲ, ಆ ಎಂಟರಲ್ಲಿ ಒಬ್ಬಳು ನಾನಾದರೆ ನನಗೆ ಅದು ನೂರಕ್ಕೆ ನೂರು. ಆದರೆ ಆ ಹೆಂಗಸರು ಯಾರು? 50ರಿಂದ 79 ವರ್ಷದವರು, ಸರಾಸರಿ 63. ಅವರ ಮೈ ಸಹಜವಾಗಿ ಬಿಟ್ಟದ್ದನ್ನು ಮತ್ತೆ ತುಂಬಿಸಿದ ಲೆಕ್ಕ ಅದು. 63ರ ಅಜ್ಜಿಯ ಲೆಕ್ಕವನ್ನು ತಂದು 37ರ ಹೆಂಗಸಿನ ಕೊರಳಿಗೆ ಕಟ್ಟಿದರೆ ಹೇಗೆ? ಅದೇ ಅಧ್ಯಯನದಲ್ಲಿ ಗರ್ಭಕೋಶವಿಲ್ಲದೆ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಪಾರ್ಶ್ವವಾಯು ಹೆಚ್ಚಾಯಿತೆಂದು 2004ರಲ್ಲಿ ಆ ಭಾಗವನ್ನೂ ನಿಲ್ಲಿಸಿದರು, ಅದೂ ನಿಜ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಈ ಔಷಧಗಳ ಮೇಲಿನ ಕಪ್ಪು ಚೌಕಟ್ಟಿನ ಎಚ್ಚರಿಕೆಯ ಬಹುಭಾಗವನ್ನು ತೆಗೆಸುವುದಾಗಿ ಸಾರಿತು. ಅಂಜಿಕೆ ನಮ್ಮೂರಿಗೆ ಬೇಗ ಬಂತು. ತಿದ್ದುಪಡಿ ಇನ್ನೂ ದಾರಿಯಲ್ಲಿದೆ.

ತೆಗೆದುಕೊಳ್ಳದಿದ್ದರೆ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ ನೋಡಿ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು: 45ರೊಳಗೆ ಎರಡೂ ಅಂಡಾಶಯ ತೆಗೆಸಿಕೊಂಡು ಈಸ್ಟ್ರೋಜನ್ ಪಡೆಯದವರಲ್ಲಿ ಸಾವು ಹೆಚ್ಚು.

ಗುಳಿಗೆ ಎಲ್ಲರಿಗೂ ಅಲ್ಲ. ಸ್ತನದ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಪುಪ್ಪುಸದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತು ಕೆಟ್ಟವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಡಾಕ್ಟರು ಬೇರೆ ದಾರಿ ನೋಡುತ್ತಾರೆ. ನಾನೂ ವರ್ಷಕ್ಕೊಮ್ಮೆ ಬಿ.ಪಿ., ಎದೆಯ ಪರೀಕ್ಷೆ ಎಲ್ಲ ಮಾಡಿಸಿಕೊಳ್ಳುತ್ತೇನೆ. ನನ್ನ ಜಗಳ ಡಾಕ್ಟರು ಬೇಡವೆಂದವರ ಜೊತೆ ಅಲ್ಲ, ಕಟ್ಟೆಯ ಮೇಲೆ ಕೂತು ಬೇಡವೆನ್ನುವವರ ಜೊತೆ.

ಏಕೆಂದರೆ ಈ ಕಟ್ಟೆಯ ಜನ ಹಾರ್ಮೋನಿಗೆ ಹೆದರುವವರೇ ಅಲ್ಲ! ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಬರಲಿ, ಮನೆಯಲ್ಲಿ ಮದುವೆ ಬರಲಿ, ಸತ್ಯನಾರಾಯಣ ಪೂಜೆ ಬರಲಿ. ಔಷಧಿ ಅಂಗಡಿಗೆ ಹುಡುಗನನ್ನು ಕಳಿಸಿ ಮುಟ್ಟು ಮುಂದೂಡುವ ಗುಳಿಗೆ ತರಿಸುತ್ತಾರೆ. ಚೀಟಿಯಿಲ್ಲ, ಡಾಕ್ಟರಿಲ್ಲ. ಅತ್ತೆಯೇ ಸೊಸೆಗೆ ನೀರಿನ ತಂಬಿಗೆ ಸಮೇತ ಕೊಡುತ್ತಾಳೆ. ಅದು ನಾರ್‌ಎಥಿಸ್ಟೆರಾನ್, ನನ್ನ ಗುಳಿಗೆಯ ಎರಡನೆಯ ಹಾರ್ಮೋನಿನ ಜಾತಿಯದೇ. ದೇವರಿಗೆ ಮೈಲಿಗೆಯಾಗದಿರಲು ನುಂಗಿದರೆ ಹಾರ್ಮೋನು ಪವಿತ್ರ, ಹೆಂಗಸಿನ ಎಲುಬು ಮುರಿಯದಿರಲು ನುಂಗಿದರೆ ವಿಷ.

ನಮ್ಮ ತಿಕೋಟಾದ ತೋಟದ ಮಾತು ಹೇಳಲೇ? ದ್ರಾಕ್ಷಿಯ ಗೊನೆ ಉದ್ದವಾಗಲಿ, ಕಾಳು ದಪ್ಪವಾಗಲಿ ಎಂದು ಜಿ.ಎ. ದ್ರಾವಣದಲ್ಲಿ ಅದ್ದುತ್ತಾರೆ. ಜಿಬ್ಬರೆಲಿಕ್ ಆಮ್ಲ, ಅದೂ ಹಾರ್ಮೋನೇ. ಗಿಡದ್ದು ಬೇರೆ ಮನುಷ್ಯರದು ಬೇರೆ, ಅಷ್ಟು ನನಗೂ ಗೊತ್ತು. ಆದರೆ ಬಳ್ಳಿಗೆ ಯಾವಾಗ ಎಷ್ಟು ಬೇಕೆಂದು ನಮ್ಮ ಮಾವನವರು ಡೈರಿಯಲ್ಲಿ ಬರೆದಿಡುತ್ತಿದ್ದರು. ಮನೆಯ ಹೆಂಗಸರಿಗೆ ಏನು ಬೇಕೆಂದು ಬರೆದಿಟ್ಟ ಡೈರಿಯನ್ನು ಮಾತ್ರ ನಾನು ಯಾವ ಮನೆಯಲ್ಲೂ ನೋಡಿಲ್ಲ.

ಆ ಮನೆಯಲ್ಲಿಯೇ ನನ್ನ ಹಿರಿಯ ನೆಗೆಣ್ಣಿ ಇದ್ದಾಳೆ. ನಾನು ಅಕ್ಕ ಎಂದು ಕರೆಯುತ್ತೇನೆ. 32ಕ್ಕೆ ಬಿಳಿಮುಟ್ಟು, ಸೊಂಟನೋವು ಎಂದು ಒಂದು ಖಾಸಗಿ ದವಾಖಾನೆಗೆ ಹೋದಳು. “ಚೀಲ ಕೆಟ್ಟೈತಿ, ಬಿಟ್ಟರ ಕ್ಯಾನ್ಸರ್ ಆಗತೈತಿ” ಎಂದರಂತೆ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ಹೋದವು. ಅವು ಹೋದದ್ದು ಅವಳಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ನಾನು ಅವಳ ಹಳೆಯ ಕಾಗದ ಓದಿದಾಗ. ಒಂದೇ ದಿನದಲ್ಲಿ 32ರವಳು 50ರವಳಾದಳು, ಕೈಗೆ ಒಂದು ಗುಳಿಗೆಯನ್ನೂ ಕೊಡದೆ ಮನೆಗೆ ಕಳಿಸಿದರು. ಬೆವರು, ಸಿಟ್ಟು, ಮೊಣಕಾಲು ನೋವು. ಎಲ್ಲದಕ್ಕೂ “ಆಪರೇಶನ್ ಆದವಳು” ಎಂಬ ಒಂದೇ ವಿವರಣೆ. 47ಕ್ಕೆ ಒಣದ್ರಾಕ್ಷಿಯ ಶೆಡ್ಡಿನ ಮುಂದೆ ಕಾಲು ಜಾರಿ ಕುಕ್ಕರಿಸಿದಳು. ಅಷ್ಟಕ್ಕೇ ತೊಡೆಯ ಎಲುಬಿನ ಕುತ್ತಿಗೆ ಮುರಿಯಿತು.

ಇದು ಒಂದು ಮನೆಯ ಕಥೆಯಲ್ಲ. ನಮ್ಮ ಮಗ್ಗುಲ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ಹೊಟ್ಟೆನೋವು, ಬಿಳಿಮುಟ್ಟಿಗೆಲ್ಲ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ಬೆಳಕಿಗೆ ಬಂತು, ಆ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾತಾಡಿಸಿದ 49ರೊಳಗಿನ ಹೆಂಗಸರಲ್ಲಿ, ಗರ್ಭಕೋಶ ತೆಗೆಸಿಕೊಂಡವರ ಪೈಕಿ ಅರ್ಧದಷ್ಟು ಜನರಿಗೆ ಅದು ಆದದ್ದು 34ರ ಆಸುಪಾಸಿನೊಳಗೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ. ಬೇಡದ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಹೇಳಿತು. ಒಳ್ಳೆಯದೇ. ಆದರೆ ಈಗಾಗಲೇ ತೆಗೆಸಿಕೊಂಡವರ ಗತಿ? ಆಯುಷ್ಮಾನ್ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದರೆ ನೆರವಿಗೆ ಬರುತ್ತದೆ, ಹತ್ತಾರು ವರ್ಷ ದಿನಾ ನುಂಗುವ ಗುಳಿಗೆಗೆ ಬರುವುದಿಲ್ಲ. ಅಂಡಾಶಯ ತೆಗೆಯುವಾಗ “ಕ್ಯಾನ್ಸರ್ ಆಗತೈತಿ” ಎಂದು ಹೆದರಿಸುತ್ತಾರೆ, ಅದರ ಬದಲಿಗೆ ಗುಳಿಗೆ ಕೇಳಿದಾಗಲೂ “ಕ್ಯಾನ್ಸರ್ ಆಗತೈತಿ” ಎಂದೇ ಹೆದರಿಸುತ್ತಾರೆ. ಒಂದೇ ಬೆದರುಬೊಂಬೆಯನ್ನು ಎರಡು ಹೊಲದಲ್ಲಿ ನಿಲ್ಲಿಸಿದ ಹಾಗೆ.

ನನಗೀಗ 49. 51ರವರೆಗೆ ಗುಳಿಗೆ ಬಿಡುವುದಿಲ್ಲ. ಆಮೇಲೆ ಎಲುಬಿನ ಪರೀಕ್ಷೆ ಮಾಡಿಸಿ, ಡಾಕ್ಟರ ಜೊತೆ ಕೂತು, ಮುಂದಿನದನ್ನು ಇಬ್ಬರೂ ಸೇರಿ ನಿರ್ಧರಿಸುತ್ತೇವೆ. ಗಾಂಧಿ ಚೌಕದಲ್ಲಿ ಅಲ್ಲ.

ಅಕ್ಕ ಶಸ್ತ್ರಕ್ರಿಯೆಯಾಗಿ ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದಳು. ಒಂದು ರಾತ್ರಿ ನಾನು ಗುಳಿಗೆ ನುಂಗುವುದನ್ನು ನೋಡುತ್ತ ಮಂಚದ ಮೇಲಿಂದಲೇ ಕೇಳಿದಳು: “ನಿನಗ ಹೇಳಿದವರು ನನಗ್ಯಾಕ ಹೇಳಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ಅವಳ ಆಪರೇಶನ್ ಆಗಿ ಅಷ್ಟು ವರ್ಷ, ನಾನು ಗುಳಿಗೆ ಶುರು ಮಾಡಿ ಇಷ್ಟು ವರ್ಷ. ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ನಾನೂ ಹೇಳಿರಲಿಲ್ಲ. ಅವ್ವ ಹಾಕಿದ ಬಾಗಿಲನ್ನು ನಾನೂ ತೆಗೆದಿರಲಿಲ್ಲ.

ಈಗ ಅವಳ ಸೊಸೆಗೆ 34. ಹೆಚ್ಚು ಹೋಗುತ್ತದೆಂದು ತೋರಿಸಿಕೊಂಡರೆ ಚೀಲ ತೆಗೆಸಿಬಿಡಿ ಎಂದಿದ್ದಾರಂತೆ. ಸೋಮವಾರ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ವಿಜಯಪುರಕ್ಕೆ ಬರುತ್ತಿದ್ದಾರೆ. ಅಕ್ಕ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನನ್ನಿಂದ ಬಾಯಿಪಾಠ ಮಾಡಿಕೊಂಡಳು: ತೆಗೆಯದೆ ಗುಳಿಗೆಯಲ್ಲಿ ನಿಲ್ಲುವುದಿಲ್ಲವೇ? ತೆಗೆಯಲೇಬೇಕಾದರೆ ಅಂಡಾಶಯ ಇಡುತ್ತೀರೋ ತೆಗೆಯುತ್ತೀರೋ? ತೆಗೆದರೆ ಮರುದಿನದಿಂದ ಏನು ಕೊಡುತ್ತೀರಿ? “ನೀ ಬರಬ್ಯಾಡ, ನಿನಗ ಸಾಲಿ ಇರತೈತಿ,” ಎಂದಳು, “ಕೋಲು ಊರಿಕೊಂಡು ನಾನ ಒಳಗ ಹೋಗಿ ಕೇಳತೀನಿ.”