ನೆಲದಡಿಯ ಮಾಳಿಗೆ

ಮಕ್ಕಳೇ, ನಮ್ಮ ಹೊಸಬಾಳೆಯ ಮಳೆಗೆ ನೆಲ ಅಗೆದರೆ ನೀರೇ. ಅದಕ್ಕೇ ನಾವು ಸಾಮಾನನ್ನು ಅಟ್ಟಕ್ಕೆ ಏರಿಸುತ್ತೇವೆ. ಜರ್ಮನಿಯ ನ್ಯೂರೆಂಬರ್ಗಿನವರು ಕೆಳಗಿಳಿಸಿದರು. ಬಿಯರ್ ಮಾಡಿ ಮಾರುವವನಿಗೆ ಸ್ವಂತ ನೆಲಮಾಳಿಗೆ ಇರಲೇಬೇಕೆಂದು 1380ರಲ್ಲೇ ಅಲ್ಲಿ ಕಟ್ಟಳೆ. ಫ್ರಿಜ್ ಇಲ್ಲದ ಕಾಲ, ಹುಳಿಯಬಾರದಲ್ಲ! ಮರಳುಕಲ್ಲು ಕೊರೆದು ಒಂದರ ಕೆಳಗೊಂದು ಮಾಳಿಗೆ ಮಾಡಿದರು. ಬೇಸಗೆಯಲ್ಲೂ ಒಳಗೆ ಸ್ವೆಟರ್ ಬೇಕು.

ಜರ್ಮನಿಯ ಹಳೇ ಊರುಗಳಲ್ಲಿ ಇಂಥ ಮಾಳಿಗೆಗಳೊಳಗೆ ಈಗ ಹೋಟೆಲುಗಳಿವೆ: ಮೇಣದಬತ್ತಿ, ಮಣ್ಣಿನ ಲೋಟ, ರಾಜರ ಕಾಲದ ವೇಷದ ಸಪ್ಲೈಯರ್. ಮಕ್ಕಳ ಮನೆಗೆ ಹೋಗುವ ಅಜ್ಜ-ಅಜ್ಜಿಯರೇ, ಸಂಕೋಚ ಬೇಡ, ಸೇಬಿನ ಜ್ಯೂಸೂ ಸಿಗುತ್ತದೆ. ಮೆಟ್ಟಿಲಿಳಿಯಲು ಮಂಡಿ ಗಟ್ಟಿಯಿರಬೇಕು, ಅಷ್ಟೆ.

1945ರ ಜನವರಿ 2ರಂದು ನ್ಯೂರೆಂಬರ್ಗಿನ ಮೇಲೆ ಬಾಂಬು ಸುರಿಯಿತು. ಹಳೇ ಪೇಟೆ ಬಹುಪಾಲು ನಾಶವಾಯಿತು. ಬಿಯರ್ ಮಾಳಿಗೆಗಳಲ್ಲಿ ಅಡಗಿದ್ದ ಸಾವಿರಾರು ಜನ, ಅಜ್ಜಿಯರು, ಕೈಗೂಸುಗಳು, ಜೀವಂತ ಮೇಲೆ ಬಂದರು.